ಕಟ್ಟರ್ ಕೊಳ್ಳುವ ಮುನ್ನ ಮನೆಯ ಮೀಟರು ನೋಡಿ!

ಗೋಕುಲ ರಸ್ತೆಯ ಔದ್ಯೋಗಿಕ ವಸಾಹತಿನ ಕಡೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಕಬ್ಬಿಣದ ಸದ್ದು ಹೊಸದೇನಲ್ಲ. ಸುತ್ತಿಗೆಯ ಠಣಠಣ, ಗ್ರೈಂಡರಿನ ಕಿರ್ರೆಂಬ ಕೂಗು, ವೆಲ್ಡಿಂಗಿನ ಚಟಪಟ ಎಲ್ಲವೂ ಹುಬ್ಬಳ್ಳಿಯವರ ಕಿವಿಗೆ ಒಗ್ಗಿಹೋಗಿವೆ. ಈಚಿನ ವರ್ಷಗಳಲ್ಲಿ ಈ ಮೇಳಕ್ಕೆ ಇನ್ನೊಂದು ದನಿ ಸೇರಿದೆ. ‘ಭುಸ್ಸ್’ ಎಂದು ನಾಗರಹಾವು ಹೆಡೆ ಎತ್ತಿದಂಥ ಸದ್ದು, ಜೊತೆಗೊಂದು ನೀಲಿ ಬೆಳಕು. ನೋಡನೋಡುತ್ತಿದ್ದಂತೆ ತಗಡಿನಲ್ಲಿ ನವಿಲಿನ ಗರಿ ಮೂಡಿರುತ್ತದೆ, ಇಲ್ಲವೇ ಗಣಪತಿಯ ಸೊಂಡಿಲು ಡೊಂಕಾಗಿ ಕತ್ತರಿಸಿ ಕೆಳಗೆ ಬಿದ್ದಿರುತ್ತದೆ. ಇದೇ ಪ್ಲಾಸ್ಮಾ ಕಟ್ಟರ್.

ಗೇಟು-ಗ್ರಿಲ್ ಮಾಡುವ ಅಂಗಡಿಯವರು ಇದನ್ನು ಕೊಂಡರೆ ಆಶ್ಚರ್ಯವಿಲ್ಲ, ಅದು ಅವರ ಹೊಟ್ಟೆಪಾಡು. ಆದರೆ ಈಗ ಕೊಳ್ಳುವವರ ಸಾಲಿನಲ್ಲಿ ಬೇರೊಂದು ಜಾತಿಯ ಗಿರಾಕಿಯೂ ಕಾಣುತ್ತಿದ್ದಾನೆ. ಹುಬ್ಬಳ್ಳಿ ಹೇಳಿಕೇಳಿ ರೈಲ್ವೆ ವರ್ಕ್‌ಶಾಪಿನ ಊರು. ಡ್ಯೂಟಿಯಿಂದ ನಿವೃತ್ತಿಯಾದರೂ ಕೈಗೆ ನಿವೃತ್ತಿ ಕೊಡದ ಫಿಟ್ಟರುಗಳು, ವೆಲ್ಡರುಗಳು ಇಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಅವರಲ್ಲದೆ ಬ್ಯಾಂಕಿನವರು, ಮೇಷ್ಟ್ರುಗಳು, ಕಾಲೇಜು ಹುಡುಗರು ಕೂಡ ಮನೆಯ ಹಿತ್ತಲಿಗೆ ತಗಡಿನ ಶೆಡ್ಡು ಹಾಕಿಕೊಂಡು ಭಾನುವಾರ ಕಬ್ಬಿಣದ ಜೊತೆ ಗುದ್ದಾಡುವುದುಂಟು. ಚಿಕ್ಕ ವೆಲ್ಡಿಂಗ್ ಮಷೀನು ಬಂತು, ನಾಲ್ಕಿಂಚಿನ ಗ್ರೈಂಡರು ಬಂತು. ಮುಂದಿನ ಆಸೆ ಈ ಬುಸುಗುಡುವ ಕತ್ತರಿ!

ಆಸೆ ತಪ್ಪಲ್ಲ. ಫಜೀತಿ ಶುರುವಾಗುವುದು ಅಂಗಡಿಯ ಕಟ್ಟೆಯ ಮೇಲೆ.

“ಎಷ್ಟು ದಪ್ಪ ಕೊಯ್ತೈತ್ರಿ ಇದು?”

“ಇಪ್ಪತ್ತು ಎಂಎಂ ಬರೇ ಸೌತಿಕಾಯಿ ಕೊಯ್ದಂಗ ಕೊಯ್ತೈತಿ ಕಾಕಾರ, ಕಣ್ಣು ಮುಚ್ಚಿ ಒಯ್ರಿ!”

ಕಾಕಾ ಕಣ್ಣು ಮುಚ್ಚಿ ಒಯ್ಯುತ್ತಾರೆ. ಮನೆಗೆ ಹೋಗಿ ಪ್ಲಗ್ಗು ಹಾಕಿದ ಮೇಲೆ ಕಣ್ಣು ಬಿಡುತ್ತಾರೆ.

ಇದೇನು, ಬೆಂಕಿಯೋ ಗಾಳಿಯೋ?

ಎರಡೂ ಹೌದು. ಸಣ್ಣ ತೂತಿನ ತಾಮ್ರದ ನಾಝಲ್ಲಿನ ಒಳಗೆ ವಿದ್ಯುತ್ ಕಿಡಿ ಹಚ್ಚಿ, ಅದರ ನಡುವೆ ಒತ್ತಡದ ಗಾಳಿ ನುಗ್ಗಿಸುತ್ತಾರೆ. ಗಾಳಿ ಎಷ್ಟು ಕಾಯುತ್ತದೆಂದರೆ ಅದರ ಅಣುಗಳು ಒಡೆದು ಅದೇ ವಿದ್ಯುತ್ತನ್ನು ಹರಿಸತೊಡಗುತ್ತದೆ. ಆ ಸ್ಥಿತಿಗೇ ಪ್ಲಾಸ್ಮಾ ಎಂದು ಹೆಸರು. ಶಾಖ 20 ಸಾವಿರ ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಲೋಹ ಅಲ್ಲೇ ಕರಗುತ್ತದೆ, ಹಿಂದಿನಿಂದ ಬರುವ ಗಾಳಿ ಅದನ್ನು ಊದಿ ಕೆಳಗೆ ಚೆಲ್ಲುತ್ತದೆ. (ರಕ್ತನಿಧಿಯ ಪ್ಲಾಸ್ಮಾಕ್ಕೂ ಇದಕ್ಕೂ ಹೆಸರೊಂದೇ, ಕೆಲಸ ಬೇರೆ. ಕಾದ ಅನಿಲಕ್ಕೆ 1928ರಲ್ಲಿ ಈ ಹೆಸರು ಹಚ್ಚಿದವರು ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮ್ಯೂರ್.) ಕತ್ತರಿಸುವ ಟಾರ್ಚು ಬಂದದ್ದು ಆಮೇಲೆ. ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿಯ ಲಿಂಡೆ ವಿಭಾಗದಲ್ಲಿದ್ದ ರಾಬರ್ಟ್ ಗೇಜ್ ಹೆಸರಿಗೆ 1957ರಲ್ಲಿ ಅದರ ಪೇಟೆಂಟ್ ಸಿಕ್ಕಿತು. ಆಗಿನ ಯಂತ್ರಗಳು ದೊಡ್ಡ ಕಾರ್ಖಾನೆಗಳ ಸ್ವತ್ತು. ಹಿತ್ತಲ ಶೆಡ್ಡಿಗೆ ಇಳಿದದ್ದು ಇನ್ವರ್ಟರ್ ತಂತ್ರ ಬಂದು ಪೆಟ್ಟಿಗೆ ಕೈಯಲ್ಲಿ ಎತ್ತುವಷ್ಟು ಹಗುರಾದ ಮೇಲೆ.

ಹಳೆಯ ಗ್ಯಾಸ್ ಕಟಿಂಗ್ ಇದೆಯಲ್ಲ, ಅದರ ಮರ್ಮ ಬೇರೆ. ಅಲ್ಲಿ ಕೆಂಪಗೆ ಕಾದ ಕಬ್ಬಿಣವನ್ನು ಆಮ್ಲಜನಕ ನಿಜಕ್ಕೂ ಸುಟ್ಟುಹಾಕುತ್ತದೆ. ಹಾಗಾಗಿ ಗ್ಯಾಸಿಗೆ ದಪ್ಪ ಕಬ್ಬಿಣವೇ ಪ್ರೀತಿ, ಸ್ಟೀಲಿನ ಪಾತ್ರೆಯ ತಗಡು, ಅಲ್ಯೂಮಿನಿಯಂ ಅದಕ್ಕೆ ಬಗ್ಗುವುದಿಲ್ಲ. ಪ್ಲಾಸ್ಮಾಕ್ಕೆ ಆ ಭೇದವಿಲ್ಲ, ಕರೆಂಟು ಹರಿಯುವ ಯಾವ ಲೋಹವಾದರೂ ಸೈ. ಸಿಲಿಂಡರು ತರುವ, ತುಂಬಿಸುವ ಉಸಾಬರಿಯೂ ಇಲ್ಲ, ಗಾಳಿ ಪುಕ್ಕಟೆ. ಪುಕ್ಕಟೆ ಎಂದವರೇ ಮುಂದೆ ಬೇಸ್ತು ಬೀಳುವುದು. ಆ ಮಾತು ಆಮೇಲೆ ಬರುತ್ತದೆ.

ಅರವತ್ತು ಆಂಪಿಯರಿನ ಆನೆ

ಊರ ಹೊರಗಿನ ಬಡಾವಣೆಯೊಂದರಲ್ಲಿ ನಿವೃತ್ತ ಫಿಟ್ಟರ್ ಒಬ್ಬರಿದ್ದಾರೆ. ನೇಮ್‌ಪ್ಲೇಟು, ತುಳಸಿಕಟ್ಟೆಯ ಜಾಲಿ, ಮೊಮ್ಮಕ್ಕಳಿಗೆ ತಗಡಿನ ಗಿಳಿ-ಗುಬ್ಬಿ ಮಾಡುವ ಹುಚ್ಚು. ಎಲ್ಲವೂ ಎರಡು-ಮೂರು ಎಂಎಂ ಶೀಟಿನ ಕೆಲಸ. ಗ್ರ್ಯಾಚುಯಿಟಿ ದುಡ್ಡಿನಲ್ಲಿ ಅವರು ತಂದದ್ದು 60 ಆಂಪಿಯರಿನ ಯಂತ್ರ. “ದೊಡ್ಡದು ಇರಲಿ, ನಾಳೆಗೆ ಬೇಕಾಗ್ತೈತಿ” ಎಂಬುದು ಅವರ ಲೆಕ್ಕ, ನಮ್ಮೂರಿನ ಅರ್ಧ ಜನರ ಲೆಕ್ಕವೂ ಅದೇ. ಪೆಟ್ಟಿಗೆ ಬಿಚ್ಚಿ ನೋಡಿದರೆ ಹಿಂದೆ ನಾಲ್ಕು ವಯರು! ಯಂತ್ರ ತ್ರೀ ಫೇಸು, ಮನೆಯ ಮೀಟರು ಸಿಂಗಲ್ ಫೇಸು. ಅಂಗಡಿಗೆ ಓಡಿದರೆ “ಬಿಚ್ಚಿದ ಮಾಲು ವಾಪಸ್ ಇಲ್ರಿ” ಎಂಬ ಉತ್ತರ. ಆ ಆನೆ ನಾಲ್ಕು ತಿಂಗಳು ಗೋಣಿಚೀಲ ಹೊದ್ದು ಮೂಲೆಯಲ್ಲಿ ಕೂತಿತ್ತು. ಕೊನೆಗೆ ತಾರಿಹಾಳದ ಕಡೆಯ ಗೇಟಿನ ಅಂಗಡಿಯವರೊಬ್ಬರು ಬಹಳ ಇಳಿಸಿದ ಬೆಲೆಗೆ ಎತ್ತಿಕೊಂಡು ಹೋದರು.

ಆದ್ದರಿಂದ ಯಂತ್ರದ ಅಂಗಡಿಗೆ ಹೋಗುವ ಮೊದಲು ಮಾಡಬೇಕಾದ ಕೆಲಸ, ಮನೆಯ ಕರೆಂಟು ಬಿಲ್ಲು ಕೈಗೆ ತೆಗೆದುಕೊಳ್ಳುವುದು. ಮಂಜೂರಾದ ಲೋಡು ಎಷ್ಟು ಕಿಲೋವ್ಯಾಟ್ ಎಂದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಎರಡೋ ಮೂರೋ ಇದ್ದರೆ ಮುಂದಿನ ಲೆಕ್ಕವನ್ನು ಎಚ್ಚರದಿಂದ ಓದುವುದು ಒಳ್ಳೆಯದು.

40 ಆಂಪಿಯರ್ ಎಂದು ಡಬ್ಬಿಯ ಮೇಲೆ ಬರೆದಿರುವುದು ಟಾರ್ಚಿನ ತುದಿಯಿಂದ ಹೊರಬೀಳುವ ಕರೆಂಟು, ಗೋಡೆಯಿಂದ ಎಳೆಯುವ ಕರೆಂಟಲ್ಲ. ತುದಿಯಲ್ಲಿ ವೋಲ್ಟೇಜು ಸುಮಾರು ನೂರರ ಹತ್ತಿರ ಇರುತ್ತದೆ. ನಲವತ್ತನ್ನು ನೂರರಿಂದ ಗುಣಿಸಿದರೆ ನಾಲ್ಕು ಕಿಲೋವ್ಯಾಟ್. ಯಂತ್ರದೊಳಗೆ ಸೋರಿಹೋಗುವುದನ್ನೂ ಸೇರಿಸಿದರೆ ನಾಲ್ಕೂವರೆ ದಾಟುತ್ತದೆ. ಸಿಂಗಲ್ ಫೇಸಿನಲ್ಲಿ ಇದು ಗೋಡೆಯಿಂದ 25 ಆಂಪಿಯರಿನ ಆಸುಪಾಸು ಎಳೆಯುತ್ತದೆ. ಮನೆಯಲ್ಲಿ ಗೀಸರಿಗೆ ಹಾಕಿಸಿದ ದೊಡ್ಡ ಸಾಕೆಟ್ಟಿನ ತಾಕತ್ತೇ 16 ಆಂಪಿಯರ್! ಜೊತೆಗೆ ಗಾಳಿಯ ಕಂಪ್ರೆಸರ್ ಬೇರೆ ಓಡಬೇಕು. ಎರಡು ಎಚ್‌ಪಿ ಮೋಟರಾದರೆ ಇನ್ನೊಂದು ಹತ್ತು ಆಂಪಿಯರ್. ಶುರುವಾಗುವ ಒಂದು ಕ್ಷಣ ಅದರ ನಾಲ್ಕೈದು ಪಟ್ಟು. ಎರಡೂ ಒಟ್ಟಿಗೆ ಓಡಿದರೆ ಆರು ಕಿಲೋವ್ಯಾಟ್ ದಾಟಿತು.

ಆಮೇಲೆ ನಡೆಯುವುದೇನೆಂದು ಓಣಿಯ ಅಕ್ಕಂದಿರನ್ನು ಕೇಳಬೇಕು. “ಕಾಕಾ, ನೀವು ಮಷೀನು ಹಚ್ಚಿದ್ರ ನಮ್ಮ ಟ್ಯೂಬ್‌ಲೈಟ್ ಕಣ್ಣು ಹೊಡಿತೈತ್ರಿ. ಮಿಕ್ಸರ್ ಕುಂಯ್ ಅಂತೈತಿ. ಚಟ್ನಿ ಅರಿಯೂದರ ಹೆಂಗ?”

ಇನ್ನೊಂದು ಮಾತು ಅಂಗಡಿಯವರು ಹೇಳುವುದಿಲ್ಲ. ಮನೆ ಬಳಕೆಗೆಂದು ಪಡೆದ ಮೀಟರಿನಲ್ಲಿ ತನ್ನ ಮನೆಯ ಗೇಟನ್ನು ತಾನೇ ಕತ್ತರಿಸಿಕೊಳ್ಳುವುದು ಬೇರೆ, ಊರವರ ಗೇಟು ಮಾಡಿ ದುಡ್ಡು ತೆಗೆದುಕೊಳ್ಳುವುದು ಬೇರೆ. ಮಂಜೂರಾದ ಉದ್ದೇಶ ಬಿಟ್ಟು ಇನ್ನೊಂದಕ್ಕೆ ಕರೆಂಟು ಬಳಸಿದರೆ 2003ರ ವಿದ್ಯುಚ್ಛಕ್ತಿ ಕಾಯಿದೆಯ 126ನೇ ಕಲಮು ಎದ್ದು ಬರುತ್ತದೆ. ಅದರ ಪ್ರಕಾರ ಅನ್ವಯವಾಗುವ ದರದ ಎರಡು ಪಟ್ಟು ಹಾಕಿ ವಸೂಲು ಮಾಡುತ್ತಾರೆ. ಇಂಥ ಬಳಕೆ ಎಂದಿನಿಂದ ಎಂದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ ಲೆಕ್ಕ ಹಿಡಿಯುತ್ತಾರೆ. ಹವ್ಯಾಸ ಮೆಲ್ಲಗೆ ವ್ಯಾಪಾರವಾಗುವುದು ಈ ಕಸುಬಿನಲ್ಲಿ ತೀರಾ ಸಹಜ. ಪಕ್ಕದ ಮನೆಯವರು ಒಂದು ಗ್ರಿಲ್ಲು ಕೇಳುತ್ತಾರೆ, ಬೀಗರು ಇನ್ನೊಂದು ಕೇಳುತ್ತಾರೆ. ಆ ಹೊತ್ತಿಗೆ ಹೆಸ್ಕಾಂ ಕಚೇರಿಗೆ ಹೋಗಿ ಬೇರೆ ಮೀಟರಿಗೆ ಅರ್ಜಿ ಕೊಡುವುದೇ ಅಗ್ಗದ ದಾರಿ.

ಸಮಾಧಾನದ ಸಂಗತಿಯೂ ಒಂದಿದೆ. ಯಂತ್ರದ ಮೇಲೆ ತಿರುಗಿಸುವ ಗುಂಡಿ ಇರುತ್ತದೆ. ಮೂರು ಎಂಎಂ ಶೀಟಿಗೆ ನಲವತ್ತು ಬೇಕಿಲ್ಲ, 25ಕ್ಕೆ ಇಳಿಸಿದರೂ ಚೆನ್ನಾಗಿ ಕೊಯ್ಯುತ್ತದೆ. ಆಗ ಗೋಡೆಯಿಂದ ಎಳೆಯುವುದು 16ರೊಳಗೇ ಉಳಿಯುತ್ತದೆ. ಹಿತ್ತಲ ಶೆಡ್ಡಿನ ಮುಕ್ಕಾಲುಪಾಲು ಕೆಲಸ ಇಷ್ಟರಲ್ಲೇ ಮುಗಿಯುತ್ತದೆ. ಆದ್ದರಿಂದ ಇಂಥವರಿಗೆ 40 ಆಂಪಿಯರಿನ ಸಿಂಗಲ್ ಫೇಸ್ ಯಂತ್ರ ಸಾಕೋ ಸಾಕು. ಅದಕ್ಕೆಂದೇ ಬೋರ್ಡಿನಿಂದ ಬೇರೆ ದಪ್ಪ ವಯರು, ಬೇರೆ ಎಂಸಿಬಿ, ಸರಿಯಾದ ಅರ್ಥಿಂಗು ಹಾಕಿಸಬೇಕು. ಮದುವೆ ಮನೆಯ ಸೀರಿಯಲ್ ಸೆಟ್ಟಿಗೆ ಎಳೆದ ಒಂದೂವರೆ ಎಂಎಂನ ಎಕ್ಸ್‌ಟೆನ್ಷನ್ ವಯರು ಇದಕ್ಕೆ ನಡೆಯದು. ಇಪ್ಪತ್ತು ಮೀಟರು ಉದ್ದದ ಅಂಥ ವಯರಿನಲ್ಲಿ 25 ಆಂಪಿಯರ್ ಹರಿದರೆ ಹನ್ನೆರಡು ವೋಲ್ಟು ದಾರಿಯಲ್ಲೇ ಸೋರುತ್ತದೆ, ವಯರೂ ಕಾದು ಮೆತ್ತಗಾಗುತ್ತದೆ.

ಪುಕ್ಕಟೆ ಗಾಳಿಯ ಲೆಕ್ಕ

ಕಟ್ಟರ್ ಕೊಂಡ ಎಷ್ಟೋ ಜನ ಆಮೇಲೆ ಬಾಯಿಬಾಯಿ ಬಡಿದುಕೊಳ್ಳುವುದು ಇಲ್ಲಿ. ಯಂತ್ರ ಸರಿಯಿದೆ, ಕರೆಂಟು ಸರಿಯಿದೆ, ಆದರೂ ಒಂದು ಮೊಳ ಕೊಯ್ಯುವಷ್ಟರಲ್ಲಿ ಉಸಿರು ನಿಂತಂತೆ ನಿಲ್ಲುತ್ತದೆ. ಕಾರಣ ಗಾಳಿ.

40 ಆಂಪಿಯರಿನ ಟಾರ್ಚಿಗೆ ನಿಮಿಷಕ್ಕೆ ಸುಮಾರು ನಾಲ್ಕರಿಂದ ಆರು ಘನ ಅಡಿ ಗಾಳಿ ಬೇಕು. ಅಂಗಡಿ ಭಾಷೆಯಲ್ಲಿ ಇದಕ್ಕೆ ‘ಸಿಎಫ್‌ಎಂ’ ಅನ್ನುತ್ತಾರೆ. ಒತ್ತಡ 60ರಿಂದ 75 ಪೌಂಡು ಇರಬೇಕು, ಅದೂ ಒಂದೇ ಸಮನೆ. ಪಂಕ್ಚರ್ ಅಂಗಡಿಯವನ ಕೆಲಸ ಹಾಗಲ್ಲ. ಅವನು ಟೈರಿಗೆ ಒಂದು ಊದು ಊದಿ ಕೈಬಿಡುತ್ತಾನೆ, ಅಷ್ಟರಲ್ಲಿ ಟ್ಯಾಂಕು ಮತ್ತೆ ತುಂಬಿಕೊಳ್ಳುತ್ತದೆ. ಕಟ್ಟರಿಗೆ ಆ ಬಿಡುವಿಲ್ಲ.

ಸಣ್ಣ ಲೆಕ್ಕ ಮಾಡೋಣ. ಐವತ್ತು ಲೀಟರಿನ ಟ್ಯಾಂಕು 8 ಬಾರ್‌ಗೆ ತುಂಬಿದೆ ಎನ್ನಿ. 5 ಬಾರ್‌ಗೆ ಇಳಿದರೆ ಕಟ್ಟರ್ ಮುನಿಸಿಕೊಳ್ಳುತ್ತದೆ. ನಡುವಿನ ಮೂರು ಬಾರ್ ಅಂದರೆ ಐವತ್ತು ಮೂರಲೆ ನೂರೈವತ್ತು ಲೀಟರ್ ಗಾಳಿ ಮಾತ್ರ ಕೈಗೆ ಸಿಗುವುದು. ಐದು ಸಿಎಫ್‌ಎಂ ಎಂದರೆ ನಿಮಿಷಕ್ಕೆ ಹತ್ತಿರ ಹತ್ತಿರ ನೂರ ನಲವತ್ತು ಲೀಟರು. ಟ್ಯಾಂಕು ಒಂದೇ ನಿಮಿಷಕ್ಕೆ ಖಾಲಿ! ಅದಕ್ಕಿಂತ ಹೆಚ್ಚು ಹೊತ್ತು ಕೊಯ್ಯಬೇಕಾದರೆ ಕಂಪ್ರೆಸರ್ ಅಷ್ಟೇ ಗಾಳಿಯನ್ನು ನಿಮಿಷ ನಿಮಿಷಕ್ಕೂ ಹೊಸದಾಗಿ ಕೊಡಬೇಕು. ಬಣ್ಣ ಹೊಡೆಯಲು ತರುವ ಚಿಕ್ಕ ಕಂಪ್ರೆಸರು ಹಾಗೆ ಕೊಡಲಾರದು.

ಇಲ್ಲೊಂದು ಕಣ್ಕಟ್ಟೂ ಇದೆ. ಕಂಪ್ರೆಸರಿನ ಚೀಟಿಯ ಮೇಲೆ ದೊಡ್ಡದಾಗಿ ಬರೆಯುವುದು ಪಿಸ್ಟನ್ನು ನುಂಗುವ ಗಾಳಿಯ ಅಂಕಿ. ಅದಕ್ಕೆ ‘ಡಿಸ್‌ಪ್ಲೇಸ್‌ಮೆಂಟ್’ ಎಂದು ಹೆಸರು. ಹೊರಗೆ ನಿಜವಾಗಿ ಬರುವುದು ಅದಕ್ಕಿಂತ ಎಷ್ಟೋ ಕಡಿಮೆ. ‘ಫ್ರೀ ಏರ್ ಡೆಲಿವರಿ ಎಷ್ಟು?’ ಎಂದೇ ಕೇಳಬೇಕು. ಆ ಮಾತು ಕೇಳಿದ ಕೂಡಲೇ ಅಂಗಡಿಯವನು ಸ್ಟೂಲು ಎಳೆದು ಕೂರಿಸುತ್ತಾನೆ, ಈ ಗಿರಾಕಿಗೆ ಟೋಪಿ ಹಾಕುವುದು ಕಷ್ಟ ಎಂದು ಅವನಿಗೂ ಗೊತ್ತಾಗುತ್ತದೆ. ಎರಡು ಎಚ್‌ಪಿ, ನೂರು ಲೀಟರಿನ ಟ್ಯಾಂಕಿದ್ದರೆ ಹವ್ಯಾಸದ ಕೆಲಸ ಸಾಗುತ್ತದೆ, ನಡುನಡುವೆ ಚಹಾ ಕುಡಿಯುತ್ತ. ಹೊಟ್ಟೆಯೊಳಗೇ ಪುಟ್ಟ ಕಂಪ್ರೆಸರ್ ಇಟ್ಟುಕೊಂಡ ಕಟ್ಟರುಗಳೂ ಬಂದಿವೆ. ತೆಳು ತಗಡಿಗೆ ಬಲು ಅನುಕೂಲ, ದಪ್ಪ ಪಟ್ಟಿಗೆ ಅಲ್ಲ.

ಇನ್ನು ನೀರು. ಗಾಳಿಯನ್ನು ಹಿಂಡಿದರೆ ಅದರೊಳಗಿನ ತೇವ ನೀರಾಗಿ ಇಳಿಯುತ್ತದೆ. ಮುಂಗಾರಿನಲ್ಲಿ ಹುಬ್ಬಳ್ಳಿಯ ಜಿಟಿಜಿಟಿ ಮಳೆ ಹಿಡಿದುಕೊಂಡಾಗ ಟ್ಯಾಂಕಿನ ತಳದ ನಲ್ಲಿ ತಿರುಗಿಸಿದರೆ ತುಕ್ಕಿನ ನೀರು ಸುರಿಯುವುದನ್ನು ನೋಡಬಹುದು. ಆ ನೀರು ಟಾರ್ಚಿಗೆ ಹೋದರೆ ಕಿಡಿ ತಡವರಿಸುತ್ತದೆ, ಟಿಪ್ಪು ಬೇಗ ತಿಂದುಹೋಗುತ್ತದೆ. ದಿನಾ ನೀರು ಬಿಡುವುದು, ನಡುವೆ ಒಂದು ನೀರು ಸೋಸುವ ಫಿಲ್ಟರ್ ಹಾಕಿಸುವುದು ಕಡ್ಡಾಯ. ಅಷ್ಟು ದುಡ್ಡಿನ ಕಟ್ಟರ್ ತಂದವರು ಈ ಫಿಲ್ಟರಿಗೆ ಜಿಪುಣತನ ಮಾಡುವುದು ಏಕೋ!

ಡಬ್ಬಿಯ ಮೇಲಿನ ಅಂಕಿ

‘ಇಪ್ಪತ್ತು ಎಂಎಂ ಕೊಯ್ಯುತ್ತದೆ’ ಎಂಬ ಮಾತು ಸುಳ್ಳಲ್ಲ, ಅರ್ಧ ನಿಜ. ಕೊಯ್ಯುವುದರಲ್ಲಿ ಎರಡು ಬಗೆ. ಒಂದು, ಅಂಚು ನಯವಾಗಿ ಬರುವಂಥ ಕೊಯ್ತ. ಇನ್ನೊಂದು, ತೆವಳುತ್ತ ತೆವಳುತ್ತ ಹೇಗೋ ಎರಡು ತುಂಡು ಮಾಡುವುದು. 40 ಆಂಪಿಯರಿನದು ಹತ್ತು-ಹನ್ನೆರಡು ಎಂಎಂವರೆಗೆ ಮರ್ಯಾದೆಯಿಂದ ಕೊಯ್ಯುತ್ತದೆ, ಅದರ ಮೇಲಿನದ್ದು ತುಂಡರಿಸುವ ಲೆಕ್ಕ. ಶೀಟಿನ ನಡುವೆ ತೂತು ತೆಗೆದು ಶುರುಮಾಡಬೇಕಾದರೆ ದಪ್ಪದ ಮಿತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

‘ಡ್ಯೂಟಿ ಸೈಕಲ್ 60’ ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ದುಡಿಮೆ, ನಾಲ್ಕು ನಿಮಿಷ ವಿಶ್ರಾಂತಿ. ಎಷ್ಟು ಬಿಸಿಲಿನಲ್ಲಿ ಎಂಬುದೂ ಮುಖ್ಯ. ಅಂತರರಾಷ್ಟ್ರೀಯ ಮಟ್ಟದ ಪರೀಕ್ಷೆ 40 ಡಿಗ್ರಿಯಲ್ಲಿ ನಡೆಯುತ್ತದೆ. ಕೆಲವು ಅಗ್ಗದ ಯಂತ್ರಗಳು ಇಪ್ಪತ್ತು-ಇಪ್ಪತ್ತೈದು ಡಿಗ್ರಿಯ ತಂಪು ಕೋಣೆಯಲ್ಲಿ ಅಳೆದ ಅಂಕಿಯನ್ನು ಹಚ್ಚಿಕೊಂಡು ಬರುತ್ತವೆ. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ಆ ಅಂಕಿ ಎಲ್ಲಿ ನಿಲ್ಲುತ್ತದೆ? ಹಳ್ಳಿ ಕಡೆ ವೋಲ್ಟೇಜು ಇಳಿಯುವ ಜಾಗದವರು ಯಂತ್ರ ಎಷ್ಟು ವೋಲ್ಟಿನವರೆಗೆ ತಾಳುತ್ತದೆಂದು ಬರೆಸಿಕೊಳ್ಳಬೇಕು.

ಕಿಡಿ ಹತ್ತುವ ಬಗೆಯಲ್ಲೂ ವ್ಯತ್ಯಾಸವಿದೆ. ಟಾರ್ಚು ಲೋಹಕ್ಕೆ ತಾಗುವ ಮೊದಲೇ ತುದಿಯಲ್ಲಿ ಕಿಡಿ ಹತ್ತಿಕೊಳ್ಳುವ ‘ಪೈಲಟ್ ಆರ್ಕ್’ ಇದ್ದರೆ ತುಕ್ಕು ಹಿಡಿದ, ಬಣ್ಣ ಬಳಿದ ಕಬ್ಬಿಣವೂ ತೊಂದರೆ ಕೊಡುವುದಿಲ್ಲ. ಗುಜರಿ ಕಬ್ಬಿಣ ತಂದು ಕೆಲಸ ಮಾಡುವವರಿಗೆ ಇದು ಬೇಕೇಬೇಕು. ‘ಎಚ್‌ಎಫ್’ ವಿಧಾನದಲ್ಲಿ ಕಿಡಿ ಹಚ್ಚುವ ಅಗ್ಗದ ಯಂತ್ರಗಳು ಹತ್ತಿರದ ರೇಡಿಯೋ, ಕಂಪ್ಯೂಟರುಗಳನ್ನು ಗಲಿಬಿಲಿಗೊಳಿಸುತ್ತವೆ. ಮುಂದೆ ಎಂದಾದರೂ ಕಂಪ್ಯೂಟರ್ ಟೇಬಲ್ಲಿಗೆ ಟಾರ್ಚು ಜೋಡಿಸುವ ಕನಸಿದ್ದವರು ಗಾಳಿಯ ಒತ್ತಡದಿಂದಲೇ ಕಿಡಿ ಹತ್ತುವ ‘ಬ್ಲೋ ಬ್ಯಾಕ್’ ನಮೂನೆ ಕೇಳುವುದು ಲೇಸು.

ಟಿಪ್ಪು ಸಿಗುತ್ತದೆಯೇ?

ಟಾರ್ಚಿನ ತುದಿಯಲ್ಲಿ ಸವೆಯುವ ಸಾಮಾನು ಮುಖ್ಯವಾಗಿ ಎರಡು, ಎಲೆಕ್ಟ್ರೋಡು ಮತ್ತು ನಾಝಲ್ ಟಿಪ್ಪು. ತಾಮ್ರದ ಎಲೆಕ್ಟ್ರೋಡಿನ ಮೂಗಿನಲ್ಲಿ ಸಾಸಿವೆಯಷ್ಟು ಬೂದು ಚುಕ್ಕೆ ಕಾಣುತ್ತದೆ. ಅದು ಹಾಫ್ನಿಯಂ ಎಂಬ ಅಪರೂಪದ ಲೋಹ, ಅಣು ಸ್ಥಾವರಗಳಿಗೆಂದು ಜಿರ್ಕೋನಿಯಂ ಶುದ್ಧಿ ಮಾಡುವಾಗ ಬೇರ್ಪಡುವಂಥದ್ದು. ಗಾಳಿಯ ನಡುವೆ ಅಷ್ಟು ಶಾಖ ತಾಳಲು ಅದೇ ಬೇಕು. ಆ ಚುಕ್ಕೆ ಗುಳಿಬಿದ್ದರೆ ಎಲೆಕ್ಟ್ರೋಡು ಮುಗಿಯಿತು. ಹಾಗೇ ಎಳೆದಾಡಿದರೆ ಟಾರ್ಚೇ ಸುಟ್ಟುಹೋಗುತ್ತದೆ.

ಯಂತ್ರದ ಹೆಸರಿಗಿಂತ ಟಾರ್ಚಿನ ಹೆಸರು ಕೇಳುವುದು ಜಾಣತನ. ಪಿಟಿ-31, ಎಜಿ-60, ಪಿ-80 ಇಂಥ ನಮೂನೆಗಳ ಟಿಪ್ಪು ಒಂದಕ್ಕೊಂದು ಕೂಡುವುದಿಲ್ಲ. ಆನ್‌ಲೈನಿನಲ್ಲಿ ಯಾವುದೋ ಹೆಸರಿನ ಪೆಟ್ಟಿಗೆ ಅಗ್ಗಕ್ಕೆ ತರಿಸಿ, ಮೂರು ತಿಂಗಳ ಮೇಲೆ ಸವೆದ ಟಿಪ್ಪು ಕೈಯಲ್ಲಿ ಹಿಡಿದು ಅಂಗಡಿ ಅಂಗಡಿ ಅಲೆಯುವವರನ್ನು ಕೇಳಿದರೆ ಕತೆ ಹೇಳುತ್ತಾರೆ. ಹಾರ್ಡ್‌ವೇರ್ ಅಂಗಡಿಯವರಿಗೂ ಇಲ್ಲೊಂದು ವ್ಯಾಪಾರವಿದೆ. ಯಂತ್ರ ಮಾರುವುದು ಒಮ್ಮೆ, ಟಿಪ್ಪು ಮಾರುವುದು ತಿಂಗಳು ತಿಂಗಳು. ಆದರೂ ಟಿಪ್ಪಿನ ಡಬ್ಬಿ ಖಾಲಿ ಇಟ್ಟುಕೊಂಡು ಯಂತ್ರ ಮಾತ್ರ ಸಾಲಾಗಿ ಜೋಡಿಸುವ ಅಂಗಡಿಗಳೇ ಹೆಚ್ಚು.

ಇಷ್ಟಕ್ಕೂ ಬೇಕೇ ಇದು? ಆಂಗಲ್, ಸ್ಕ್ವೇರ್ ಪೈಪು ನೆಟ್ಟಗೆ ತುಂಡು ಮಾಡುವವರಿಗೆ ಬೇಡ. ನಾಲ್ಕಿಂಚಿನ ಗ್ರೈಂಡರು ಆ ಕೆಲಸವನ್ನು ಇದಕ್ಕಿಂತ ನೇರವಾಗಿ ಮಾಡುತ್ತದೆ. ಡೊಂಕು ಗೆರೆ, ಅಕ್ಷರ, ಹೂಬಳ್ಳಿ, ಸ್ಟೇನ್‌ಲೆಸ್ ಸ್ಟೀಲು ಬಂದಲ್ಲಿ ಮಾತ್ರ ಇದಕ್ಕೆ ಸಾಟಿಯಿಲ್ಲ.

ಡ್ರಮ್ಮಿಗೆ ಕೈ ಹಚ್ಚಬೇಡಿ

ಹೊಸದಾಗಿ ಕಟ್ಟರ್ ತಂದವರ ಮನೆಗೆ ಯಾರಾದರೂ ಒಬ್ಬರು ಹಳೇ ಡ್ರಮ್ಮು ಹೊತ್ತುಕೊಂಡು ಬಂದೇ ಬರುತ್ತಾರೆ. “ಇದನ್ನ ನಡುವ ಕೊಯ್ದು ಕೊಡ್ರಿ, ದನಕ್ಕ ನೀರು ಕುಡಸಾಕ ಬೇಕಾಗೇತಿ.” ಡೀಸೆಲ್, ಥಿನ್ನರ್, ಡಾಂಬರು ತುಂಬಿದ್ದ ಡ್ರಮ್ಮು ಬರಿಗಣ್ಣಿಗೆ ಖಾಲಿ ಕಂಡರೂ ಒಳಗೆ ಆವಿ ಉಳಿದಿರುತ್ತದೆ. ಕಿಡಿ ತಾಗಿದರೆ ಅದು ಬಾಂಬು. ತೊಳೆದಿದ್ದೇನೆ ಎಂಬ ಮಾತು ನಂಬಿ ಕತ್ತರಿಸಲು ಹೋದವರ ಪ್ರಾಣವೇ ಹೋದದ್ದುಂಟು. ಎಷ್ಟೇ ಹತ್ತಿರದವರು ತಂದರೂ ಬೇಡವೆನ್ನುವುದೇ ಸರಿ.

ಕಣ್ಣಿಗೆ ತಂಪು ಕನ್ನಡಕ ಸಾಲದು. ಈ ಬೆಳಕಿನಲ್ಲಿ ವೆಲ್ಡಿಂಗಿನಂತೆಯೇ ಅತಿನೇರಳೆ ಕಿರಣವಿದೆ. 40 ಆಂಪಿಯರಿನವರೆಗೆ ಕನಿಷ್ಠ 5ನೇ ನಂಬರಿನ ಕಪ್ಪು ಗಾಜು ಬೇಕು. ಜಿಐ ಶೀಟು ಕೊಯ್ಯುವಾಗ ಏಳುವ ಬಿಳಿ ಹೊಗೆ ಸತುವಿನದು. ಮುಚ್ಚಿದ ಶೆಡ್ಡಿನಲ್ಲಿ ಅದನ್ನು ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಹೊಗೆ ಅದಕ್ಕಿಂತ ಕೆಟ್ಟದ್ದು. ಟಾರ್ಚಿನ ತುದಿಯ ಖಾಲಿ ವೋಲ್ಟೇಜು ವೆಲ್ಡಿಂಗ್ ಮಷೀನಿನ ಮೂರು-ನಾಲ್ಕು ಪಟ್ಟು ಇರುವುದರಿಂದ ಒದ್ದೆ ನೆಲದಲ್ಲಿ, ಒದ್ದೆ ಕೈಯಲ್ಲಿ ಇದನ್ನು ಹಿಡಿಯಲೇಬಾರದು. ಕಿಡಿ ಹತ್ತು ಮೀಟರಿನವರೆಗೂ ಹಾರುತ್ತದೆ. ಹಿತ್ತಲಲ್ಲಿ ಮೇವಿನ ಬಣವೆ ಇದ್ದವರು ದೂರ ಅಳೆದು ನೋಡಿಕೊಳ್ಳಬೇಕು.

ನಿವೃತ್ತ ಫಿಟ್ಟರ್ ಕಾಕಾ ಎರಡನೇ ಸಲ ಅಂಗಡಿಗೆ ಹೋದಾಗ ಕೈಚೀಲದಲ್ಲಿ ಕರೆಂಟು ಬಿಲ್ಲು ಮತ್ತು ಆರು ಎಂಎಂನ ತುಕ್ಕು ಹಿಡಿದ ಒಂದು ಪಟ್ಟಿ ಇಟ್ಟುಕೊಂಡಿದ್ದರು. “ಇದನ್ನ ಕೊಯ್ದು ತೋರಸ್ರಿ, ಆಮ್ಯಾಲ ಮಾತಾಡೋಣು” ಎಂದರಂತೆ. ಅಂಗಡಿಯಲ್ಲಿ ಕಂಪ್ರೆಸರೇ ಇರಲಿಲ್ಲ. ಪಕ್ಕದ ಪಂಕ್ಚರ್ ಅಂಗಡಿಯಿಂದ ಪೈಪು ಎಳೆಸಿದರು. ಮುಕ್ಕಾಲು ಪಟ್ಟಿ ಕೊಯ್ಯುವಷ್ಟರಲ್ಲಿ ಗಾಳಿ ಮುಗಿಯಿತು. ಮಾಲಕರು ತಲೆ ಕೆರೆದುಕೊಂಡರು. ಕಾಕಾ ನಕ್ಕು, ಕಟ್ಟರಿನ ಜೊತೆ ಎರಡು ಎಚ್‌ಪಿ ಕಂಪ್ರೆಸರಿನ ರೇಟನ್ನೂ ಅದೇ ಚೀಟಿಯ ಮೇಲೆ ಬರೆಸಿಕೊಂಡರು. ಜೊತೆಗೆ ಹತ್ತು ಟಿಪ್ಪು, ಐದು ಎಲೆಕ್ಟ್ರೋಡು, ಒಂದು ಫಿಲ್ಟರ್.